ಗಾಜಿನಲ್ಲಿ ನಿಂತ ನೀರು

ಫೆಬ್ರುವರಿ 9

ಟೀಚರ್ ಅವರಿಗೆ,

ಹೀಗೆ ಬರೆದದ್ದಕ್ಕೆ ನಗಬೇಡ. ನಿನ್ನನ್ನು ಏನೆಂದು ಕರೆಯಲಿ ಎಂದು ಅರ್ಧ ಗಂಟೆ ಪೆನ್ನು ಕಚ್ಚುತ್ತಾ ಕೂತಿದ್ದೆ. ಎರಡೂವರೆ ವರ್ಷ ಮಾತಿಲ್ಲ ಕತೆಯಿಲ್ಲ, ಈಗ ಏಕಾಏಕಿ 'ಸೊಸೆಗೆ' ಎಂದು ಬರೆದರೆ ನೀನು ಕಾಗದವನ್ನು ಹರಿದು ಹಾಕಬಹುದು. 'ಸೊಸೆಯಾಗಿದ್ದವಳಿಗೆ' ಎಂದು ಬರೆಯಲು ನನಗೆ ಕೈ ಬರಲಿಲ್ಲ. ಶಾಲೆಯ ಮಕ್ಕಳು ನಿನ್ನನ್ನು ಟೀಚರ್ ಎನ್ನುತ್ತಾರಲ್ಲ, ಸದ್ಯಕ್ಕೆ ಅವರಿಂದಲೇ ಎರವಲು ತಂದಿದ್ದೇನೆ.

ಮನೆಯ ವಿಷಯ ಮಾತಾಡಲು ಬರೆಯುತ್ತಿಲ್ಲ, ಕೆಲಸದ ವಿಷಯ. ಆಸ್ಪತ್ರೆಯ ಲಾಂಡ್ರಿಗೆ ಹೊಸ ನಿಯಮ ಬಂದಿದೆ. ಪ್ರಮಾಣಪತ್ರ ಇಲ್ಲದವರು ಬಾಯ್ಲರ್ ಮುಟ್ಟುವ ಹಾಗಿಲ್ಲವಂತೆ. ಹತ್ತೊಂಬತ್ತು ವರ್ಷದಿಂದ ಅದರ ಕೆಮ್ಮು, ಸೀನು, ಮುನಿಸು ಎಲ್ಲವನ್ನೂ ನೋಡಿಕೊಂಡವಳು ನಾನು. ಈಗ ನನ್ನ ಹತ್ತಿರ ಕಾಗದ ಇದೆಯೇ ಎಂದು ಕೇಳುತ್ತಾರೆ! ಪರೀಕ್ಷೆಗೆ ಎರಡು ಸಲ ಕೂತೆ, ಎರಡು ಸಲವೂ ಡುಮ್ಕಿ ಹೊಡೆದೆ. ಸೆಪ್ಟೆಂಬರಿನದು ಕಡೆಯ ಸಲ. ಅದೂ ಹೋದರೆ ನನ್ನನ್ನು ಬಟ್ಟೆ ಮಡಿಸುವ ಕೋಣೆಗೆ ಕಳಿಸುತ್ತಾರೆ. ಮಡಿಸುವುದು ಕೀಳು ಕೆಲಸವೇನಲ್ಲ, ನಾನು ಅಲ್ಲಿಂದಲೇ ಬಂದವಳು. ಆದರೆ ಗೋಡೆಯ ಆಚೆ ಬೇರೆಯವರು ನನ್ನ ಬಾಯ್ಲರ್ ಹೊತ್ತಿಸುವ ಸದ್ದು ಕೇಳಿಸಿಕೊಂಡು ದಿಂಬಿನ ಚೀಲ ಮಡಿಸುತ್ತಾ ಕೂರುವುದು ನನ್ನಿಂದ ಆಗದು.

ಉತ್ತರ ನಮ್ಮ ಭಾಷೆಯಲ್ಲೇ ಬರೆಯಬಹುದು, ಪ್ರಶ್ನೆ ಮಾತ್ರ ಇಂಗ್ಲಿಷಿನಲ್ಲಿ. ಅಲ್ಲಿ ಎರಡು ಪದಗಳು ಸೇರಿಕೊಂಡು ನನ್ನನ್ನು ಮುಳುಗಿಸುತ್ತಿವೆ. ಒಂದು ಅಸೆಸ್, ಇನ್ನೊಂದು ಅಸರ್ಟೇನ್. ಜೇಬಿನ ನಿಘಂಟು ತೆಗೆದರೆ ಎರಡರ ಮುಂದೆಯೂ 'ನಿರ್ಧರಿಸು' ಎಂದಿದೆ. ಸರಿ, ಎರಡೂ ಒಂದೇ ಎಂದುಕೊಂಡೆ. ನೀರಿನ ಮಟ್ಟವನ್ನು ಅಸರ್ಟೇನ್ ಮಾಡುವುದು ಹೇಗೆ ಎಂದು ಕೇಳಿದ್ದಕ್ಕೆ, 'ಮಟ್ಟ ಚೆನ್ನಾಗಿದೆ, ನನಗೇನೂ ತಕರಾರಿಲ್ಲ' ಎಂದು ಅಭಿಪ್ರಾಯ ಬರೆದೆ. ಬಾಯ್ಲರಿನ ಸ್ಥಿತಿಯನ್ನು ಅಸೆಸ್ ಮಾಡಿ ಎಂದಿದ್ದಕ್ಕೆ 'ಏಳು' ಎಂದು ಬರೆದೆ. ಏಳು ಏನು ಎಂದು ನನ್ನನ್ನು ಕೇಳಬೇಡ. ಗಡಿಯಾರ ಮುಂದಕ್ಕೆ ಓಡುತ್ತಿತ್ತು.

ನನಗೆ ಗೊತ್ತಿರುವವರಲ್ಲಿ ಇಂಗ್ಲಿಷ್ ಬಲ್ಲವಳು ನೀನೊಬ್ಬಳೇ. ಉತ್ತರ ಬರೆಯಲೇಬೇಕೆಂದಿಲ್ಲ. ಬರೆದರೆ ಒಳ್ಳೆಯದಿತ್ತು.

ಇತಿ,
ಲಾಂಡ್ರಿಯವಳು


ಮಾರ್ಚ್ 2

ನಮಸ್ಕಾರ.

ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು. ಲಕೋಟೆಯ ಮೇಲಿನ ಅಕ್ಷರ ನೋಡಿ ಯಾರಿಗೋ ಏನೋ ಆಗಿದೆ ಎಂದು ಹೆದರಿದೆ. ಒಡೆದು ನೋಡಿದರೆ ಎರಡು ಕ್ರಿಯಾಪದಗಳು. ಹೆದರಿದ್ದಕ್ಕೆ ಸಿಟ್ಟು ಬಂತು, 'ಏಳು' ಓದಿದ ಮೇಲೆ ನಗುವೂ ಬಂತು. ಅದಕ್ಕೇ ಇಷ್ಟು ತಡ.

ನೀವು ಕೆಲಸದ ವಿಷಯ ಮಾತ್ರ ಎಂದಿದ್ದೀರಿ. ನಾನೂ ಹಾಗೆಯೇ ಇರುತ್ತೇನೆ.

ಮೊದಲು ಆ ನಿಘಂಟನ್ನು ಕಪಾಟಿನ ಹಿಂದೆ ಹಾಕಿ. ಅಸರ್ಟೇನ್ ಎಂದರೆ ಇರುವುದನ್ನು ಹೋಗಿ ತಿಳಿದುಕೊಳ್ಳುವುದು. ನನ್ನ ತರಗತಿಯಲ್ಲಿ ಇವತ್ತು ಎಷ್ಟು ಮಕ್ಕಳು ಬಂದಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಒಂದೇ, ನಾನು ಎಣಿಸುವ ಮೊದಲೂ ಅದು ಅಲ್ಲೇ ಇತ್ತು. ನಾನು ಎದ್ದು ಹೋಗಿ ಎಣಿಸಬೇಕು, ಅಷ್ಟೆ. ಅಸೆಸ್ ಎಂದರೆ ತೂಗಿ ನೋಡಿ ಹೇಳುವುದು. ಕಿಟಕಿಯ ಪಕ್ಕ ಕೂರುವ ಹುಡುಗಿ ಓದಿನಲ್ಲಿ ಹೇಗಿದ್ದಾಳೆ ಎಂದು ಯಾರಾದರೂ ಕೇಳಿದರೆ ನಾನು ತೂಗಿ ಹೇಳುತ್ತೇನೆ. ಪಕ್ಕದ ತರಗತಿಯ ಮೇಷ್ಟ್ರು ಬೇರೆಯೇ ಹೇಳಬಹುದು, ಅವರೂ ಸುಳ್ಳು ಹೇಳಿದಂತಲ್ಲ.

ಇಷ್ಟಕ್ಕೇ ಬರುವುದಿಲ್ಲ, ಅಭ್ಯಾಸ ಬೇಕು. ಎರಡೂ ಪದ ಬಳಸಿ ಹತ್ತು ವಾಕ್ಯ ಬರೆದು ಕಳಿಸಿ. ನಿಮ್ಮ ಕೆಲಸದ ವಾಕ್ಯಗಳೇ ಇರಲಿ. ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸುತ್ತೇನೆ.

ಇತಿ,
ಟೀಚರ್


ಮಾರ್ಚ್ 20

ಟೀಚರ್ ಅವರಿಗೆ,

ಐವತ್ತೆರಡನೇ ವಯಸ್ಸಿನಲ್ಲಿ ಹೋಮ್‌ವರ್ಕ್ ಮಾಡಿಸಿದ ಪುಣ್ಯ ನಿನ್ನದೇ. ಇಸ್ತ್ರಿ ಮೇಜಿನ ಮೇಲೆ ಹಾಳೆ ಹರಡಿಕೊಂಡು ಬರೆಯುತ್ತಿದ್ದರೆ ಮಡಿಸುವ ಕೋಣೆಯವರೆಲ್ಲ ಬಂದು ಇಣುಕಿದರು. "ಯಾರಿಗೆ ಪ್ರೇಮಪತ್ರ?" ಅಂತ ಕೇಳಿದರು. "ಬಾಯ್ಲರಿಗೆ" ಅಂದೆ.

ನೀನು ಹೇಳಿದ್ದು ಮೊದಲ ಓದಿಗೆ ತಲೆಗೆ ಹೋಗಲಿಲ್ಲ. ಮಾರನೆಯ ಬೆಳಿಗ್ಗೆ ಬಾಯ್ಲರ್ ಮುಂದೆ ನಿಂತಾಗ ಹೊಳೆಯಿತು. ಅದರ ಮುಂಭಾಗದಲ್ಲಿ ಒಂದು ಗಾಜಿನ ಕೊಳವೆ ಇದೆ. ಒಳಗೆ ನೀರು ಎಷ್ಟಿದೆಯೋ ಗಾಜಿನಲ್ಲೂ ಅಷ್ಟೇ ಎತ್ತರಕ್ಕೆ ನಿಲ್ಲಬೇಕು. ಆದರೆ ಒಳಗಿನಿಂದ ಗಾಜಿಗೆ ನೀರು ಬರುವ ದಾರಿಯಲ್ಲಿ ಕೆಸರು ಕಟ್ಟಿಕೊಂಡರೆ ಗಾಜಿನಲ್ಲಿ ಹಳೆಯ ನೀರೇ ನಿಂತಿರುತ್ತದೆ. ನೋಡಿದವನು ನೀರಿದೆ ಎಂದು ನಿಶ್ಚಿಂತೆಯಾಗಿರುತ್ತಾನೆ, ಒಳಗೆ ನೀರು ಬತ್ತಿ ಕಬ್ಬಿಣ ಕೆಂಪಗೆ ಕಾಯುತ್ತಿರುತ್ತದೆ. ಬಾಯ್ಲರ್ ಒಡೆಯುವುದು ಹೀಗೆಯೇ. ಅದಕ್ಕೆ ನಾವು ದಿನಾ ಬೆಳಿಗ್ಗೆ ಗಾಜಿನ ಕೆಳಗಿನ ನಲ್ಲಿ ತಿರುಗಿಸಿ ಅದರಲ್ಲಿರುವ ನೀರನ್ನೆಲ್ಲ ಚೆಲ್ಲುತ್ತೇವೆ. ನಲ್ಲಿ ಮುಚ್ಚಿದ ಕೂಡಲೇ ಹೊಸ ನೀರು ಛಂಗನೆ ಮೇಲೇರಿದರೆ ಗಾಜು ಹೇಳಿದ್ದು ನಿಜ. ಏರದಿದ್ದರೆ ಮೊದಲು ಬೆಂಕಿ ಆರಿಸಬೇಕು, ಉಳಿದ ಮಾತು ಆಮೇಲೆ. ನನಗೆ ಕೆಲಸ ಕಲಿಸಿದ ಅಜ್ಜ ಇದನ್ನು ಮೊದಲ ದಿನವೇ ಹೇಳಿಕೊಟ್ಟಿದ್ದರು. ಹತ್ತೊಂಬತ್ತು ವರ್ಷದಿಂದ ದಿನಾ ಅಸರ್ಟೇನ್ ಮಾಡುತ್ತಿದ್ದೇನೆ, ಹೆಸರು ಗೊತ್ತಿರಲಿಲ್ಲ ನೋಡು!

ಹತ್ತು ವಾಕ್ಯ ಜೊತೆಗಿರುವ ಹಾಳೆಯಲ್ಲಿವೆ. ಕೈಗೆ ಬಂದ ಹಾಗೆ ಬರೆದಿದ್ದೇನೆ, ಏನಾದರೂ ಹೆಚ್ಚುಕಡಿಮೆ ಇದ್ದರೆ ಬೇಜಾರು ಮಾಡಿಕೊಳ್ಳಬೇಡ. ಏಳನೆಯದನ್ನು ಹೊಡೆದು ಹಾಕಬೇಕೆಂದಿದ್ದೆ, ಆಮೇಲೆ ಇರಲಿ ಎಂದು ಬಿಟ್ಟೆ.

ಇತಿ,
ಲಾಂಡ್ರಿಯವಳು


ಏಪ್ರಿಲ್ 11

ನಮಸ್ಕಾರ.

ಹತ್ತರಲ್ಲಿ ಒಂಬತ್ತು ಸರಿ. ಒಂದನೆಯ ವಾಕ್ಯವನ್ನು ನನ್ನ ಮಕ್ಕಳಿಗೂ ಓದಿ ಹೇಳಿದೆ. 'ಉಗಿಯ ಒತ್ತಡ ಎಷ್ಟೆಂದು ಅಸರ್ಟೇನ್ ಮಾಡಿಕೊಂಡು, ಮೇಲ್ವಿಚಾರಕರ ಮುಖ ನೋಡಿ ಅವರ ಒತ್ತಡವನ್ನು ಅಸೆಸ್ ಮಾಡಿದೆ.' ತರಗತಿ ಬಿದ್ದು ಬಿದ್ದು ನಕ್ಕಿತು.

ಏಳನೆಯದು ತಪ್ಪು. ನೀವು ಬರೆದದ್ದನ್ನು ಹಾಗೆಯೇ ಕೆಳಗೆ ಇಳಿಸಿದ್ದೇನೆ:

'ನನ್ನ ಮೈಯ ಸೋಪಿನ ವಾಸನೆ ತಾಳಲಾರದೆ ಸೊಸೆ ಮನೆ ಬಿಟ್ಟು ಹೋದಳು ಎಂಬುದನ್ನು ನಾನು ಅಸರ್ಟೇನ್ ಮಾಡಿಕೊಂಡೆ.'

ಯಾವ ನಲ್ಲಿ ತಿರುಗಿಸಿ ನೋಡಿದಿರಿ?

ಇತಿ,
ಟೀಚರ್


ಜೂನ್ 1

ಏನೆಂದು ಕರೆಯಲಿ? ಇವತ್ತಂತೂ ಗೊತ್ತಾಗುತ್ತಿಲ್ಲ.

ನಿನ್ನ ಕಾಗದ ಬಂದ ದಿನ ನನಗೆ ಮೈಯೆಲ್ಲ ಉರಿಯಿತು. ಪಾಠ ಹೇಳಿಕೊಡು ಎಂದರೆ ಮೊಟಕುತ್ತಾಳೆ ಎಂದುಕೊಂಡು ಆ ಹಾಳೆಯನ್ನು ಸೋಪಿನ ಡಬ್ಬಿಯ ಕೆಳಗೆ ತುರುಕಿದೆ. ಎರಡು ವಾರ ಮುಟ್ಟಲಿಲ್ಲ. ಆದರೆ ದಿನಾ ಬೆಳಿಗ್ಗೆ ಗಾಜಿನ ನಲ್ಲಿ ತಿರುಗಿಸಬೇಕಲ್ಲ. ತಿರುಗಿಸಿದಾಗಲೆಲ್ಲ ನಿನ್ನ ಕೆಂಪು ಅಕ್ಷರವೇ ಕಣ್ಣ ಮುಂದೆ ಬರುತ್ತಿತ್ತು.

ನಾನು ನೋಡಿದ್ದೇನು? ಕೆಲಸದಿಂದ ಬಂದಾಗ ಮೇಜಿನ ಮೇಲೆ ನಿನ್ನ ಬೀಗದ ಕೈ ಇತ್ತು. ನನ್ನ ಮಗ ತಲೆ ಬಗ್ಗಿಸಿ ಕೂತಿದ್ದ. "ಅವಳು ಹೋದಳಮ್ಮ. ನಿನ್ನ ಸೋಪಿನ ವಾಸನೆ ಅವಳಿಗೆ ಆಗ್ತಿರಲಿಲ್ಲ" ಅಂದ. ಅಷ್ಟೇ. ನನಗೆ ಆ ಮಾತಿನಿಂದ ಎಷ್ಟು ನೋವಾಯಿತೆಂದರೆ, ನೀನು ಅದನ್ನು ಹೇಳಿದ್ದು ನಿಜವೇ ಎಂದು ಕೇಳಲೂ ತೋಚಲಿಲ್ಲ. ಆ ವಾಸನೆಯಿಂದಲೇ ಅವನನ್ನು ಒಬ್ಬಳೇ ಸಾಕಿ ದೊಡ್ಡವನನ್ನಾಗಿ ಮಾಡಿದವಳು ನಾನು. ನಿನ್ನ ಬಟ್ಟೆಬರೆ ಗಂಟು ಕಟ್ಟಿ ನಿನ್ನ ಶಾಲೆಗೆ ಕಳಿಸಿ ಬಾಗಿಲು ಹಾಕಿಕೊಂಡೆ.

ಹೋದ ಭಾನುವಾರ ಅವನು ಊಟಕ್ಕೆ ಬಂದಿದ್ದ. ತಟ್ಟೆ ಎತ್ತಿದ ಮೇಲೆ ಎದುರಿಗೆ ಕೂತೆ.

"ಅವಳು ಯಾಕೋ ಹೋದಳು?"

"ಈಗ ಯಾಕಮ್ಮ ಅದೆಲ್ಲ?"

"ಪರೀಕ್ಷೆಗೆ ಬೇಕು."

ಅವನಿಗೆ ನಗು ಬಂತು. ನಾನು ನಗಲಿಲ್ಲ. ಆಮೇಲೆ ಅವನೂ ನಿಲ್ಲಿಸಿದ.

"ವಾಸನೆ ಅಂತ ಅವಳು ಯಾವತ್ತು ಹೇಳಿದಳು?"

ಅವನು ಮೇಜುಬಟ್ಟೆಯ ಅಂಚು ತಿರುಚುತ್ತಾ, "ಅವಳು ಹೇಳಿಲ್ಲ. ನಾನೇ ಹೇಳಿದ್ದು" ಅಂದ. ಆಗ ಅವನ ಮನಸ್ಸು ಬೇರೊಬ್ಬಳ ಕಡೆ ಹೋಗಿತ್ತಂತೆ. ನಿನ್ನನ್ನು ಹೋಗು ಎಂದವನು ಅವನೇ ಅಂತೆ. ಆ ಇನ್ನೊಬ್ಬಳೂ ಆರು ತಿಂಗಳು ನಿಲ್ಲಲಿಲ್ಲವಂತೆ.

"ನನ್ನ ಹತ್ರ ಹೇಳೋಕೆ ಏನಾಗಿತ್ತು ನಿಂಗೆ?"

"ನೀನೂ ನಿಮ್ಮಪ್ಪನ ಥರಾನೇ ಅಂತ ಅಂದುಬಿಡ್ತೀಯ ಅಂತ ಹೆದರಿದೆ."

ಅವನ ಅಪ್ಪ ನಮ್ಮನ್ನು ಬಿಟ್ಟು ಹೋದಾಗ ಇವನಿಗೆ ನಾಲ್ಕು ವರ್ಷ. ಇವನು ಆ ಹೆದರಿಕೆಯನ್ನು ಇಷ್ಟು ದಿನ ಹೊತ್ತುಕೊಂಡಿದ್ದ ಎಂದು ನನಗೆ ಗೊತ್ತಿರಲಿಲ್ಲ. ಪಾಪ ಅನಿಸಿತು, ಎರಡು ಬಿಗಿಯಬೇಕು ಎಂದೂ ಅನಿಸಿತು. ಎರಡನ್ನೂ ಮಾಡದೆ ಒಳಗೆ ಹೋಗಿ ಪಾತ್ರೆ ತೊಳೆದೆ.

ನಾನು ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಬಸ್ಸು ಹತ್ತಿದರೆ ಮೂರು ಗಂಟೆಯ ದಾರಿ. ಕೇಳಲಿಲ್ಲ. ಕಬ್ಬಿಣದ ಬಾಯ್ಲರಿಗೆ ತೋರಿಸುವ ಮರ್ಯಾದೆಯನ್ನೂ ನಿನಗೆ ತೋರಿಸಲಿಲ್ಲ. ನನ್ನದು ತಪ್ಪಾಯಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೂ ಬರೆದಿದ್ದೇನೆ.

ನಿನಗೆ ಇನ್ನು ಪಾಠ ಹೇಳಲು ಮನಸ್ಸಿಲ್ಲದಿದ್ದರೆ ನಾನು ಏನೂ ಅಂದುಕೊಳ್ಳುವುದಿಲ್ಲ.

ಇತಿ,
ನಾನು


ಜೂನ್ 19

ಅತ್ತೆ,

ಹೀಗೆಯೇ ಕರೆಯುತ್ತೇನೆ. ಬೇರೆ ಯಾವುದೂ ಬಾಯಿಗೆ ಬರುವುದಿಲ್ಲ.

ನಿಮ್ಮ ಕಾಗದ ಓದಿ ಅತ್ತೆ. (ಅಳುವುದಕ್ಕೂ ನಿಮ್ಮನ್ನು ಕರೆಯುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಪದವಾಯಿತು ನೋಡಿ. ನಿಮ್ಮ ನಿಘಂಟು ಇದಕ್ಕೇನು ಹೇಳುತ್ತದೋ.)

ನನ್ನದೂ ಒಂದು ತಪ್ಪಿದೆ, ಕೇಳಿ. ನಿಮಗೆ ಎಲ್ಲ ಗೊತ್ತಿದೆ ಎಂದೇ ನಾನು ತಿಳಿದಿದ್ದೆ. ಗೊತ್ತಿದ್ದೂ ಮಗನ ಕಡೆ ನಿಂತಿರಿ ಎಂದುಕೊಂಡೆ. ನಿಮ್ಮಿಂದ ಆ ಗಂಟು ಬಂದಾಗ, ಜೊತೆಗೆ ಒಂದು ಸಾಲು ಬರಹವೂ ಇಲ್ಲದ್ದನ್ನು ನೋಡಿ, ಇದು 'ತೊಲಗು' ಎಂದು ಹೇಳುವ ರೀತಿ ಎಂದು ತೀರ್ಮಾನಿಸಿದೆ. ಬಿಚ್ಚದೆ ಬೀರುವಿನ ಮೇಲೆ ಎಸೆದೆ. ಅಲ್ಲೇ ಇತ್ತು, ಇಷ್ಟು ದಿನ.

ಮೊನ್ನೆ ಕುರ್ಚಿ ಹಾಕಿಕೊಂಡು ಇಳಿಸಿದೆ. ಧೂಳಿಗೆ ಹತ್ತು ಸೀನು ಬಂತು. ಒಳಗಿದ್ದ ಪ್ರತಿ ಬಟ್ಟೆಗೂ ಇಸ್ತ್ರಿಯಾಗಿತ್ತು, ಕರವಸ್ತ್ರಕ್ಕೂ. ನನ್ನ ನೀಲಿ ಕೋಟಿನ ಕಿತ್ತುಹೋಗಿದ್ದ ಗುಂಡಿಯ ಜಾಗದಲ್ಲಿ ಆಸ್ಪತ್ರೆಯ ಕೋಟಿನ ಬಿಳಿ ಗುಂಡಿ ಇತ್ತು. ಅದನ್ನು ಹೊಲಿಸಬೇಕು ಹೊಲಿಸಬೇಕು ಎಂದು ನಾನು ಒಂದು ವರ್ಷ ಮುಂದೂಡಿದ್ದೆ. ನೀವು ಗಮನಿಸಿದ್ದಿರಿ ಎಂದೇ ಗೊತ್ತಿರಲಿಲ್ಲ. ನಿಜ ಹೇಳಿ, ಆಗ ನಿಮಗೆ ನನ್ನ ಮೇಲೆ ಸಿಟ್ಟಿರಲಿಲ್ಲ ಅಲ್ಲವೇ? ಸಿಟ್ಟಾದವರು ಗುಂಡಿ ಹೊಲಿಯುತ್ತಾರೆಯೇ?

ವಾಸನೆಯ ವಿಷಯ. ನೀವು ಕೆಲಸ ಮುಗಿಸಿ ಒಳಗೆ ಬಂದರೆ ಆಗ ತಾನೇ ಒಗೆದ ಬೆಚ್ಚಗಿನ ಬಟ್ಟೆಯ ವಾಸನೆ ಬರುತ್ತಿತ್ತು. ಆ ಮನೆಯಲ್ಲಿ ನನಗೆ ಇಷ್ಟವಾಗಿದ್ದ ಎರಡು ಮೂರು ಸಂಗತಿಗಳಲ್ಲಿ ಅದೂ ಒಂದು. ಗಂಟು ಬಿಚ್ಚಿದಾಗ ಇನ್ನೂ ಸ್ವಲ್ಪ ಉಳಿದಿತ್ತು.

ಪಾಠ ನಿಲ್ಲಿಸುವುದಿಲ್ಲ. ಜೊತೆಗೆ ಹದಿನೈದು ಪ್ರಶ್ನೆ ಇಟ್ಟಿದ್ದೇನೆ. ಗಡಿಯಾರ ಎದುರಿಗಿಟ್ಟುಕೊಂಡು ಬರೆಯಿರಿ.

ಇತಿ,
ನಿಮ್ಮ ಟೀಚರ್


ಜುಲೈ 5

ಟೀಚರಮ್ಮ,

ಹದಿನೈದೂ ಬರೆದು ಕಳಿಸಿದ್ದೇನೆ. ಗಡಿಯಾರ ಎದುರಿಗಿತ್ತು. ಮಧ್ಯೆ ಒಂದು ಸಲ ಟೀ ಕುಡಿದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ.

ಗುಂಡಿಯ ವಿಷಯದಲ್ಲಿ ನೀನು ಪೂರ್ತಿ ತಪ್ಪು. ನನಗೆ ಕೆಂಡದಂಥ ಸಿಟ್ಟಿತ್ತು. ಸೂಜಿಗೆ ದಾರ ಪೋಣಿಸುವಾಗಲೂ ನಿನ್ನನ್ನು ಬೈಯುತ್ತಿದ್ದೆ. ನೀನು ಕೇಳಬಾರದ ಮಾತುಗಳೂ ಅದರಲ್ಲಿ ಇದ್ದವು. ಆದರೆ ಗುಂಡಿ ಇಲ್ಲದ ಕೋಟನ್ನು ನನ್ನ ಕೈ ಮಡಿಸುವುದಿಲ್ಲ. ಸಿಟ್ಟು ಬೇರೆ, ಗುಂಡಿ ಬೇರೆ. ಮತ್ತೆ ನೋಡಿದೆಯಾ, ಟೀಚರ್ ಆಗಿಯೂ ಕೇಳುವ ಮೊದಲೇ ಮುಕ್ಕಾಲು ತೀರ್ಮಾನ ಮಾಡಿದ್ದೆ!

ಕೇಳಿದ್ದು ಒಳ್ಳೆಯದಾಯಿತು ಅನ್ನು.

ಒಂದು ಸಂಶಯವಿದೆ, ಇದು ಪರೀಕ್ಷೆಯದಲ್ಲ. ಮಗ ಮಾಡಿದ್ದೇನು ಎಂದು ಈಗ ಗೊತ್ತಾಯಿತು. ಆದರೆ ಅವನು ಎಂಥವನು ಎಂದು ನಾನು ಹೇಗೆ ಹೇಳಲಿ? ಒಂದು ದಿನ ಒಂದು ಥರ ಕಾಣುತ್ತಾನೆ, ಮರುದಿನ ಇನ್ನೊಂದು ಥರ. ಅವನು ಈಗ ವಾರ ವಾರ ಬರುತ್ತಾನೆ, ತಾನೇ ಪಾತ್ರೆ ತೊಳೆಯುತ್ತಾನೆ.

ಇತಿ,
ನಿನ್ನ ವಿದ್ಯಾರ್ಥಿನಿ


ಜುಲೈ 22

ಅತ್ತೆ,

ಹದಿನೈದಕ್ಕೆ ಹದಿಮೂರು. ಟೀಗೆ ಅರ್ಧ ಅಂಕ ಕಳೆದಿದ್ದೇನೆ.

ನಿಮ್ಮ ಸಂಶಯಕ್ಕೆ ಉತ್ತರ: ಅದಕ್ಕೆ ನಲ್ಲಿ ಇಲ್ಲ. ಅದು ಅಸೆಸ್ ಮಾಡುವ ವಿಷಯ, ನಿಧಾನವಾಗಿ, ತಪ್ಪಿದರೆ ತಿದ್ದಿಕೊಳ್ಳುತ್ತಾ. ನಾನು ಅವರನ್ನು ಕ್ಷಮಿಸಿದ್ದೇನೆಯೇ ಎಂದು ನೀವು ಕೇಳಲಿಲ್ಲ, ಕೇಳಿದ್ದರೆ ನನಗೂ ಗೊತ್ತಿಲ್ಲ ಎನ್ನುತ್ತಿದ್ದೆ. ಅವರ ಬಳಿಗೆ ವಾಪಸು ಬರುವುದಿಲ್ಲ ಎಂಬುದು ಮಾತ್ರ ಖಚಿತ. ಅದನ್ನು ನಿಮ್ಮಿಂದ ಮುಚ್ಚಿಟ್ಟು ಕಾಗದ ಬರೆಯುತ್ತಾ ಹೋಗುವುದು ನನಗೆ ಬೇಡ.

ಅವರು ಪಾತ್ರೆ ತೊಳೆಯಲಿ ಬಿಡಿ. ತಳ ಸರಿಯಾಗಿ ಉಜ್ಜುತ್ತಾರೋ ಇಲ್ಲವೋ, ಅದನ್ನು ಅಸರ್ಟೇನ್ ಮಾಡಿಕೊಳ್ಳಿ.

ಇತಿ,
ನಿಮ್ಮ ಟೀಚರ್


ಸೆಪ್ಟೆಂಬರ್ 17

ಟೀಚರಮ್ಮ,

ಪರೀಕ್ಷೆ ಮುಗಿಯಿತು. ವಾಪಸು ಬರುವ ಬಸ್ಸಿನಲ್ಲೇ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕೆಂಪು ಹಾಕಬೇಡ.

ಬರಹದ ಪರೀಕ್ಷೆಯಲ್ಲಿ ನಮ್ಮ ಇಬ್ಬರೂ ಗೆಳತಿಯರು ಬಂದಿದ್ದರು, ಅಸೆಸ್ ಮೂರು ಕಡೆ, ಅಸರ್ಟೇನ್ ಎರಡು ಕಡೆ. ಮಾತಾಡಿಸಿ ಕಳಿಸಿದೆ.

ಕೈಕೆಲಸದ ಪರೀಕ್ಷೆಗೆ ಆರು ಜನ ಇದ್ದೆವು, ಹೆಂಗಸು ನಾನೊಬ್ಬಳೇ. ಒಬ್ಬೊಬ್ಬರನ್ನೇ ಒಳಗೆ ಕರೆದರು. ದಪ್ಪ ಕನ್ನಡಕದ ಪರೀಕ್ಷಕರು ಒಂದು ಹಳೆಯ ಬಾಯ್ಲರ್ ಮುಂದೆ ನಿಂತು, ನೀರಿನ ಮಟ್ಟವನ್ನು ಅಸರ್ಟೇನ್ ಮಾಡಿ ಎಂದರು, ಇಂಗ್ಲಿಷಿನಲ್ಲಿಯೇ. ಗಾಜಿನಲ್ಲಿ ನೀರು ಸರಿಯಾಗಿ ಅರ್ಧಕ್ಕೆ ನಿಂತಿತ್ತು. ಎಷ್ಟು ಚೆಂದವಾಗಿತ್ತೆಂದರೆ 'ಅರ್ಧ' ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆಗ ನಿನ್ನ ಕೆಂಪು ಶಾಯಿ ನೆನಪಾಯಿತು.

ಬಾಯಿ ಮುಚ್ಚಿಕೊಂಡು ಹೋಗಿ ಕೆಳಗಿನ ನಲ್ಲಿ ತಿರುಗಿಸಿದೆ. ನೀರೆಲ್ಲ ಹೋಯಿತು. ಮುಚ್ಚಿದೆ. ಕಾದೆ. ಗಾಜು ಖಾಲಿಯೇ ನಿಂತಿತ್ತು. ದಾರಿ ಕಟ್ಟಿಹೋಗಿತ್ತು, ಬೇಕೆಂದೇ ಹಾಗೆ ಬಿಟ್ಟಿದ್ದರಂತೆ.

"ಈಗ ಅಸೆಸ್ ಮಾಡಿ" ಅಂದರು.

"ಒಳಗೆ ನೀರೆಷ್ಟಿದೆ ಅಂತ ನಂಗೆ ಗೊತ್ತಿಲ್ಲ, ಸಾರ್. ಗೊತ್ತಾಗೋ ತನಕ ಇದನ್ನ ಹೊತ್ತಿಸೋದು ಬೇಡ. ದಾರಿ ಬಿಡಿಸಿದರೆ ಇನ್ನೂ ಬಹಳ ವರ್ಷ ಬಾಳೋ ಬಾಯ್ಲರು" ಅಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಯಾರು ಹೇಳಿಕೊಟ್ಟರು?" ಅಂತ ಕೇಳಿದರು.

"ನಲ್ಲಿ ತಿರುಗಿಸೋದು ಒಬ್ಬ ಅಜ್ಜ ಹೇಳಿಕೊಟ್ಟರು. ಯಾವಾಗ ತಿರುಗಿಸಬೇಕು ಅಂತ ನನ್ನ ಸೊಸೆ" ಅಂದೆ.

ಆ ಮಾತು ತಾನಾಗಿಯೇ ಬಂದುಬಿಟ್ಟಿತು. ನಿನಗೆ ಬೇಜಾರಾದರೆ ಹೇಳು.

ಇತಿ,
ನಿನ್ನ ವಿದ್ಯಾರ್ಥಿನಿ


ಅಕ್ಟೋಬರ್ 24

ಟೀಚರಮ್ಮ,

ಪಾಸು! ಪ್ರಮಾಣಪತ್ರ ಇವತ್ತು ಕೈಗೆ ಬಂತು. ಚೌಕಟ್ಟು ಹಾಕಿಸಿ ಬಾಯ್ಲರ್ ಮನೆಯ ಗೋಡೆಗೆ ನೇತು ಹಾಕಿದ್ದೇವೆ. ಮೊಳೆ ಹೊಡೆದದ್ದು ನನ್ನ ಮಗ, ಸ್ವಲ್ಪ ಓರೆ. ಮಡಿಸುವ ಕೋಣೆಯವರು ಚಪ್ಪಾಳೆ ತಟ್ಟಿದರು. ನಾನು ಅಳುವುದಿಲ್ಲ ಎಂದು ಪಣ ತೊಟ್ಟಿದ್ದೆ. ಬಾಯ್ಲರ್ ಉಸ್ಸೆಂದಾಗ ಅದರ ಜೊತೆ ನನಗೂ ಬಂದುಬಿಟ್ಟಿತು.

ಈಗ ನಾನು ಬಾಯ್ಲರಿನ ಪೂರ್ತಿ ಹೊಣೆಯವಳು. ಹಾಗಾಗಿ ಆಫೀಸಿನವರು ಒಂದು ಫಾರಂ ಕೊಟ್ಟಿದ್ದಾರೆ. ಅದರಲ್ಲಿ ಒಂದು ಸಾಲು: ಅವಘಡವಾದರೆ ಮೊದಲು ಯಾರಿಗೆ ತಿಳಿಸಬೇಕು, ಅವರು ನಿಮಗೇನಾಗಬೇಕು. ಮೊದಲನೆಯ ಜಾಗದಲ್ಲಿ ನಿನ್ನ ಹೆಸರು ಬರೆದೆ, ಎರಡನೆಯದರಲ್ಲಿ 'ಸೊಸೆ' ಎಂದು ಬರೆದೆ. ಗುಮಾಸ್ತೆ ನೋಡಿ, "ನಿಮ್ಮ ಮಗ ಸೊಸೆ ಬೇರೆ ಆಗಿದ್ದಾರಲ್ಲಮ್ಮ?" ಅಂದಳು.

"ಅವರಿಬ್ಬರು ಬೇರೆ ಆಗಿದ್ದಾರೆ. ನಾವಿಬ್ಬರು ಎಲ್ಲಿ ಆಗಿದ್ದೀವಿ?" ಅಂದೆ.

ಆದರೆ ಹೊರಗೆ ಬಂದ ಮೇಲೆ ಹೆಜ್ಜೆ ನಿಂತಿತು. ಇದು ನಾನೊಬ್ಬಳೇ ತೂಗಿ ಹೇಳಿದ್ದು. ನಿನ್ನನ್ನು ಕೇಳಿಯೇ ಇಲ್ಲ. ವಾಪಸು ಹೋಗಿ ಫಾರಂ ಇಸಿದುಕೊಂಡು ಬಂದೆ. ಪುಣ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿದ್ದೆ. ಈಗ ಅದು ನನ್ನ ಎದುರಿಗೇ ಇದೆ. ಈ ಸಲ ಮೊದಲು ನಲ್ಲಿ ತಿರುಗಿಸುತ್ತಿದ್ದೇನೆ.

'ಸೊಸೆ' ಎಂದು ಇರಲೇ? ಬೇಡವೆಂದರೆ ರಬ್ಬರಿನಲ್ಲಿ ಅಳಿಸಿ 'ಟೀಚರ್' ಎಂದು ಬರೆಯುತ್ತೇನೆ, ಅದೂ ಸುಳ್ಳಲ್ಲ. ನೀನು ಹೇಳಿದ ಹಾಗೆ.

ಇತಿ,
(ನೀನು ಹೇಳಿದ ಮೇಲೆ ಬರೆಯುತ್ತೇನೆ)


ಅಕ್ಟೋಬರ್ 29

ಅತ್ತೆ,

ಶಾಯಿಯಲ್ಲಿ ಬರೆಯಿರಿ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದೇನೆ. ಮನೆಗಲ್ಲ, ನೇರ ಬಾಯ್ಲರ್ ಮನೆಗೆ. ಆ ಗಾಜನ್ನು ನಾನೂ ನೋಡಬೇಕು. ನೀಲಿ ಕೋಟು ಹಾಕಿಕೊಂಡು ಬರುತ್ತೇನೆ. ಗುರುತು ಸಿಗದಿದ್ದರೆ ಬಿಳಿ ಗುಂಡಿ ನೋಡಿ ಖಚಿತಪಡಿಸಿಕೊಳ್ಳಿ.

ಇತಿ,
ನಿಮ್ಮ ಸೊಸೆ